ತೊಗಲಿನ ಪಟ್ಟಿ

ಯಲವಿಗಿ ಸ್ಟೇಷನ್ನಿನ ಬೆಂಚಿನ ಮೇಲೆ ಅನ್ನವ್ವ ಗಾಡಿಗೆ ಕಾದು ಕುಳಿತಿದ್ದಳು. ಆಗತಾನೇ ರೈಲಿಳಿದ ಗಂಡ, ಕರೆದೊಯ್ಯಲು ಬಂದ ಹೆಂಡತಿ, ಇಬ್ಬರೂ ಅವಳ ಪಕ್ಕದಲ್ಲೇ ನಿಂತರು. ಕಿವಿ ಮುಚ್ಚಿಕೊಳ್ಳುವ ಚಾಳಿ ಅನ್ನವ್ವನಿಗಿರಲಿಲ್ಲ.

"ವೃಂದಾ, ಬಂಗಾರದ ವಾಚಿಗೆ ತಕ್ಕ ಚೈನ್ ಸಿಕ್ತು ನೋಡು. ಆ ಹಳೇ ತೊಗಲಿನ ಪಟ್ಟಿ ತಗದು ಒಗೀತೇನಿ."

"ವಾಚ್ ಎಲ್ಲಿಟ್ಟು ಹೋಗಿದ್ರಿ?"

"ದೇವರ ಸಾಮಾನಿನ ಪೆಟ್ಟಿಗ್ಯಾಗ, ಅರಿವಿ ಸುತ್ತಿ. ಅಲ್ಲಿ ಯಾರು ಕೈ ಹಾಕ್ತಾರ?"

"ನಾಳೆ ಗೋಕುಲಾಷ್ಟಮಿ ಅಲ್ಲೇನ್ರಿ? ಅತ್ತಿಯವರು ಬೆಳಿಗ್ಗೆನ ಮಡಿ ಉಟ್ಟು, ಆ ಪೆಟ್ಟಿಗಿ ತಗದು, ಹುಣಸಿಹಣ್ಣು ಹಚ್ಚಿ ಎಲ್ಲಾ ತಿಕ್ಕಲಿಕ್ಕೆ ಕೂತ್ರು."

"ಹುಣಸಿಹಣ್ಣಾ! ಅರವತ್ತು ವರ್ಷದ ಎನಾಮಲ್ ಡಯಲ್ ಅದು! ಒಳಗ ನೀರು ಹೋದ್ರ ಮುಗೀತು. ನನ್ನ ಆರು ವಾಚಿನಾಗ ಕೀಲಿ ಕೊಡದ, ಕೈ ಆಡಿಸಿದ್ರ ತಾನ ಓಡೋದು ಅದೊಂದ!"

ಅವನು ಬೆಂಚಿನ ಮೇಲೆ ಕುಸಿದ. ಅನ್ನವ್ವ ಸರಿದು ಜಾಗ ಬಿಟ್ಟಳು.

"ಪೂರ್ತಿ ಕೇಳ್ರಿ. ಅರಿವಿ ಬಿಚ್ಚಿದಕೂಡ್ಲೆ ಅವರ ಕೈಗೆ ತೊಗಲು ಹತ್ತಿತು. ವಾಚ್ ಅಲ್ಲೇ ಬಿಟ್ಟು, ಮಡಿ ಕೆಟ್ಟಿತಂತ ತಾವ ಮತ್ತ ತಲಿಮ್ಯಾಲೆ ನೀರು ಹಾಕ್ಕೊಂಡ್ರು. ನಾ ಒಯ್ದು ಕಪಾಟಿನಾಗ ಇಟ್ಟೆ."

"ಓಡತದೇನು?"

"ಒಯ್ಯೂದ್ರೊಳಗ ಕೈಯಾಗ ಟಿಕ್ ಟಿಕ್ ಅನ್ನಲಿಕ್ಕೆ ಹತ್ತಿತ್ತು."

"ಹೋದ ಜೀವ ಬಂತು ನೋಡು."

"ಮತ್ತ ಈ ಚೈನು?"

"ನೀನ ಇಟ್ಕೋ. ತೊಗಲಿನ ಪಟ್ಟಿ ನಾ ಇರೋತನಕ ತಗಿಯೂದಿಲ್ಲ."

ಚೈನು ಆಗಲೇ ವೃಂದಾಳ ಬಳೆಗಳ ನಡುವೆ ಸೇರಿತ್ತು. ಇಬ್ಬರೂ ನಡೆದರು.

"ಅತ್ತಿಯವರು ಬೈಲಿಕ್ಕೆ ಕಾಯಲಿಕತ್ತಾರ."

"ಬೈಲಿ ಬಿಡು. ಹೋದಕೂಡ್ಲೆ ಕಾಲಿಗೆ ಬೀಳ್ತೇನಿ."

"ದೂರದಿಂದ ಬೀಳ್ರಿ. ಇನ್ನೂ ಮಡಿಯೊಳಗ ಇದ್ದಾರ."