ಮಗಳು ಹಿಡಿದ ಮೀಸೆ

ಔಷಧಿ ಅಂಗಡಿಯ ಸಾಲಿನಲ್ಲಿ ನಿಂತಿದ್ದ ದರ್ಜಿಗೆ, ಸೂಜಿ ಚುಚ್ಚಿಕೊಂಡ ಬೆರಳಿಗೆ ಮುಲಾಮು ಬೇಕಿತ್ತು. ಮುಂದಿದ್ದ ಗಂಡ ಹೆಂಡತಿ ಜಪ್ಪಯ್ಯ ಅಂದರೂ ಕದಲಲೊಲ್ಲರು. ಗಂಡನ ತೋಳಿನಲ್ಲಿದ್ದ ನಾಲ್ಕು ವರ್ಷದ ಮಗಳು ಅಪ್ಪನ ಹುರಿಮೀಸೆ ತಿರುವುವುದು, ಅದೇ ಬೆರಳು ಚೀಪುವುದು, ಇದರಲ್ಲೇ ಮುಳುಗಿದ್ದಳು.

"ಈ ಟೂತ್‌ಪೇಸ್ಟಲ್ಲಿ ಗೋಧಿ ಇದೆಯಾ ನೋಡಿ ಅಂದ್ರೆ, ಬಣ್ಣ ಚೆನ್ನಾಗಿದೆ ಅಂತೀರಲ್ಲ!" ಹೆಂಡತಿ ಸಿಡುಕಿದಳು.

"ಗೋಧಿ ತಿಂದ್ರೆ ತಾನೇ ಮಗಳ ಕರುಳಿಗೆ ಆಗಲ್ಲ? ಇದೇನು ಬ್ರೆಡ್ಡಾ?"

"ಬಾಯಿಗೆ ಹೋಗಿದ್ದು ಹೊಟ್ಟೆಗೂ ಹೋಗುತ್ತೆ. ಆರು ತಿಂಗಳಿಂದ ಅಡುಗೆಮನೇಲಿ ಚೂರು ಗೋಧಿ ಇಲ್ಲ, ಆದ್ರೂ ಹೊಟ್ಟೆನೋವು ನಿಂತಿಲ್ಲ. ಎಲ್ಲಿಂದ ಹೋಗ್ತಿದೆ ಅಂತ ಡಾಕ್ಟರು ನನ್ನನ್ನೇ ಕೇಳ್ತಾರೆ."

"ನಿಮ್ಮಮ್ಮ ಬಿಸ್ಕತ್ತು ಕೊಟ್ಟಿರ್ತಾರೆ."

"ನಮ್ಮಮ್ಮನ ಸುದ್ದಿಗೆ ಬರಬೇಡಿ! ಮುದ್ದು ಮಾಡ್ತೀನಿ ಅಂತ ನಾನು ಲಿಪ್‌ಸ್ಟಿಕ್ ಬಿಟ್ಟೆ, ತುತ್ತು ತಿನ್ನಿಸ್ತೀನಿ ಅಂತ ಕೈಗೆ ಹಚ್ಚೋ ಕ್ರೀಮ್ ಬಿಟ್ಟೆ. ನೀವೇನು ಬಿಟ್ರಿ?"

"ನಾನೇನು ಹಚ್ಕೋತೀನೇ? ಈ ಮೀಸೆ ವ್ಯಾಕ್ಸ್ ಒಂದೇ."

ಕೊಳ್ಳಲು ಹಿಡಿದಿದ್ದ ಪುಟ್ಟ ಡಬ್ಬಿಯನ್ನು ತೋರಿಸಿದ. ಅವಳು ಅದರ ತಳ ತಿರುಗಿಸಿ ಅವನ ಕಣ್ಣಿಗೇ ಹಿಡಿದಳು.

"ಓದಿ."

"ಜೇನುಮೇಣ, ಕೊಬ್ಬರಿ ಎಣ್ಣೆ..." ಅವನು ಡಬ್ಬಿಯನ್ನು ಇನ್ನೂ ಹತ್ತಿರಕ್ಕೆ ಎಳೆದುಕೊಂಡ. "ಗೋಧಿ ಪ್ರೋಟೀನ್."

"ಮನೇಲಿರೋದೂ ಇದೇನಾ?"

"ಇದೇ ಕಣೇ."

ಹೆಂಡತಿ ಟೂತ್‌ಪೇಸ್ಟನ್ನೂ ಡಬ್ಬಿಯನ್ನೂ ಗಲ್ಲಾದ ಮೇಲೆ ಕುಕ್ಕಿ ಹೊರಟಳು. ಹಿಂದೆ ಹೊರಟ ಗಂಡನ ಮುಖದತ್ತ ಮಗುವಿನ ಕೈ ಮತ್ತೆ ಚಾಚಿತು. ಅವನು ಮುಖ ತಿರುಗಿಸಿಕೊಂಡ.

"ಅಪ್ಪಾ, ಮೀಸೆ ಕೊಡು" ಎಂದು ಮಗು ರಂಪ ಮಾಡುತ್ತಿದ್ದುದು, ಅವರು ಬೀದಿಯ ತಿರುವು ದಾಟುವವರೆಗೂ ದರ್ಜಿಗೆ ಕೇಳಿಸುತ್ತಿತ್ತು.