ಕೈ ತೆಗೆದ ಮೇಲೆ ಹೂಂ

ಒಂದು ಮಾತು ಮೊದಲೇ ಹೇಳಿಬಿಡ್ತೀನಿ. ಕತೆ ಕೇಳುವಾಗ ಹೂಂಗುಡೋದು ವಾಡಿಕೆ, ಗೊತ್ತು. ಇವತ್ತು ಬೇಡ. ಯಾರೂ ‘ಹೂಂ’ ಅನ್ನಬೇಡಿ. ಸುಮ್ಮನೆ ಕೇಳಿ.

ಇದು ನಮ್ಮ ದೊಡ್ಡಮ್ಮನ ಮಗನಿಗೆ, ನಮ್ಮಣ್ಣನಿಗೆ, ಆದದ್ದು. ಅವನು ಸ್ಟೀಲ್ ತಟ್ಟೆ ಮಾಡುವ ಕಂಪನಿಯಲ್ಲಿ ಕೆಲಸಕ್ಕಿದ್ದ. ಯಜಮಾನರು ಇಬ್ಬರು, ಷಡ್ಡಕರು. ಅಕ್ಕನ ಗಂಡ ದೊಡ್ಡ ಯಜಮಾನ, ತಂಗಿಯ ಗಂಡ ಸಣ್ಣ ಯಜಮಾನ. ಅಲ್ಲಿದ್ದ ಹಳೇ ಪ್ರೆಸ್ಸಿಗೆ ಎರಡು ಬಟನ್, ಎಡಕ್ಕೊಂದು, ಬಲಕ್ಕೊಂದು. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಅಚ್ಚು ಕೆಳಗಿಳಿಯುತ್ತೆ. ಆ ಬಟನ್‌ಗಳನ್ನು ಅವರಿಬ್ಬರೂ ಬೇರೆಯವರ ಕೈಗೆ ಯಾವತ್ತೂ ಕೊಟ್ಟವರಲ್ಲ. ನಡುವೆ ತಗಡು ಇಡೋದು ಅಣ್ಣನ ಕೆಲಸ. ದೊಡ್ಡವರು ‘ಒಂದು’ ಅನ್ನೋರು. ಸಣ್ಣವರು ‘ಎರಡು’ ಅನ್ನೋರು. ಅಣ್ಣ ಕೈ ತೆಗೆದು ‘ಹೂಂ’ ಅಂದ ಮೇಲೆ... ಧಡ್! ಒಂದು ತಟ್ಟೆ.

ಇಂಥವರು ಜಗಳ ಆಡಿದ್ದು ಯಾವುದಕ್ಕೆ ಅಂತೀರಿ? ಹೊಸ ಬೋರ್ಡಿನಲ್ಲಿ ಯಾರ ಹೆಸರು ಮೊದಲು ಅನ್ನೋದಕ್ಕೆ. ಗೋಡೆ ಹತ್ತಬೇಕಾದ ಬೋರ್ಡು ಕೋರ್ಟು ಹತ್ತಿತು. ಎತ್ತು ಏರಿಗೆ, ಕೋಣ ನೀರಿಗೆ. ಕಡೆಗೆ ಕೋರ್ಟು, ಇವರಿಬ್ಬರಿಂದ ಇದು ನಡೆಯೋದಿಲ್ಲ, ಕಂಪನಿ ಮುಚ್ಚಿ, ಇದ್ದದ್ದನ್ನು ಮಾರಿ ಹಂಚಿ ಅಂದಿತು. ಕೋರ್ಟಿನ ಅಧಿಕಾರಿ ಬಂದಾಗ ಅಣ್ಣ ಅಚ್ಚಿನೊಳಗೆ ತಗಡಿಟ್ಟು ಕ್ಯಾಲಿಪರ್ ಹಿಡಿದು ಅಳತೆ ನೋಡುತ್ತಿದ್ದ.

“ಇದ್ದದ್ದು ಇದ್ದಲ್ಲೇ ಇರಲಿ. ಎಲ್ಲರೂ ಹೊರಗೆ!”

“ಸಾರ್, ಆ ಕ್ಯಾಲಿಪರ್ ನನ್ನ ಸ್ವಂತದ್ದು...”

“ಅರ್ಜಿ ಕೊಡಿ.”

ಬಾಗಿಲಿಗೆ ಬೀಗ, ಬೀಗದ ಮೇಲೆ ಅರಗಿನ ಮುದ್ರೆ ಬಿತ್ತು. ಅರ್ಜಿಗೆ ಉತ್ತರ ಬರಲಿಲ್ಲ. ಅಣ್ಣ ತಿಂಗಳುಗಟ್ಟಲೆ ಮನೆಯಲ್ಲಿ ಕೂತ. ಕೊನೆಗೊಂದು ಕಡೆ ಕೆಲಸ ಸಿಕ್ಕಿತು. “ಅಳತೆ ಸಾಮಾನು ನಿಂದೇ ತರಬೇಕು. ನಾಳೆ ಬೆಳಿಗ್ಗೆ ಬಾ” ಅಂದರು. ಹೊಸದು ಕೊಳ್ಳೋ ಶಕ್ತಿ ಎಲ್ಲಿತ್ತು? ಅದಿಲ್ಲದೆ ಹೋದರೆ ಆ ಕೆಲಸವೂ ಇಲ್ಲ.

ಆ ರಾತ್ರಿ ಮನೆಗೆ ಬರುವಾಗ ಕಂಪನಿಯ ಹಿಂದಿನ ಪಾಳುಬಾವಿ ದಾಟಬೇಕಿತ್ತು. ಗಾಳಿಯಿಲ್ಲ. ರಾಟೆ ಮಾತ್ರ ಕಿರ್‍... ಕಿರ್‍... ಅಣ್ಣನ ಕಾಲು ತಾನಾಗಿ ನಿಂತಿತು. ಕಾವಲಿನ ಮುದುಕ ಕತ್ತಲಲ್ಲಿ ಬೀಡಿ ಸೇದುತ್ತಿದ್ದ.

“ಕ್ಯಾಲಿಪರ್‌ಗಾ?” ಅಂದ, ಪಿಸುಮಾತಲ್ಲಿ.

“ಹೌದು ತಾತ. ಒಳಗೆ ಕರೆಂಟು...?”

“ಮೀಟರೇ ಕಿತ್ಕೊಂಡು ಹೋಗಿದ್ದಾರೆ. ಹಿಂದಿನ ಕಿಟಕಿಗೆ ಚಿಲಕ ಇಲ್ಲ. ನಾನು ನಿನ್ನ ನೋಡಿಲ್ಲ.”

ಒಳಗೆ ಎಣ್ಣೆ ವಾಸನೆ, ಧೂಳು. ಟಾರ್ಚು ಹಿಡಿದ. ಅಚ್ಚು ಬಾಯಿ ತೆರೆದು ನಿಂತಿತ್ತು. ಕ್ಯಾಲಿಪರ್ ತಗಡಿನ ಮೇಲೆ, ಬಿಟ್ಟಲ್ಲೇ ಇತ್ತು. ಅಣ್ಣ ಭುಜದವರೆಗೂ ಕೈ ತೂರಿಸಿದ. ತನಗೆ ತಾನೇ ಹೇಳಿಕೊಂಡ: ಕರೆಂಟಿಲ್ಲ. ಇದ್ದರೂ ಇಬ್ಬರೂ ಒಟ್ಟಿಗೆ ಒತ್ತಬೇಕು. ಅವರಿಬ್ಬರು ಒಂದಾಗೋದು ಈ ಜನ್ಮಕ್ಕಿಲ್ಲ! ನಗುವೂ ಬಂತು.

ಎಡಗಡೆಯಿಂದ... ಟಿಕ್.

ಟಾರ್ಚು ಆರಿತು.

“ಒಂದು,” ಅಂದಿತು ಕತ್ತಲು. ದೊಡ್ಡ ಯಜಮಾನರದೇ ದನಿ.

ಅಣ್ಣ ಥಟ್ಟನೆ ಕೈ ಎಳೆದುಕೊಳ್ಳಲು ಹೋದ. ಅಂಗಿತೋಳಿನ ಪಟ್ಟಿ ಯಾವುದೋ ಬೋಲ್ಟಿಗೆ ಸಿಕ್ಕಿಕೊಂಡಿತು.

ಬಲಗಡೆಯಿಂದ... ಟಿಕ್.

“ಎರಡು.”

ಆಮೇಲೆ ಸದ್ದಿಲ್ಲ. ಎರಡೂ ಕಡೆ ಉಸಿರಾಟ ಮಾತ್ರ. ಕಾಯುತ್ತಿದ್ದರು.

ಎಷ್ಟು ವರ್ಷದ ಅಭ್ಯಾಸ, ನೋಡಿ! ‘ಎರಡು’ ಕೇಳಿದರೆ ಬಾಯಿ ತಾನೇ ತೆರೆಯುತ್ತೆ. ತುಟಿ ಕಚ್ಚಿ ಹಿಡಿದ. ರಕ್ತದ ರುಚಿ ಬಂತು. ಆದರೂ ಮೂಗಿನಿಂದ, ಎಷ್ಟು ಮೆಲ್ಲಗೆ...

“ಹೂಂ.”

ಮೇಲೆ ಕಬ್ಬಿಣ ಗರ್ರ್ ಅಂದಿತು. ಜೀವ ಬಾಯಿಗೆ ಬಂದು, ಅಂಗಿ ಪರ್ರ್ ಅಂತ ಹರಿಯುವ ಹಾಗೆ ಎಳೆದುಕೊಂಡ. ಧಡ್! ನೆಲ ಅದುರಿತು. ಕಿಟಕಿ ಹಾರಿ ಓಡಿದವನು ಮನೆ ಬಾಗಿಲಲ್ಲಿ ಬಿದ್ದ. ಕೈ ಉಳಿದಿತ್ತು. ಬೆಳಿಗ್ಗೆ ಹೊಸ ಕೆಲಸಕ್ಕೆ ಹೋಗಲಿಲ್ಲ. ಇವತ್ತಿಗೂ ಯಾವ ಮೆಷಿನ್ನಿಗೂ ಕೈ ಹಾಕಿಲ್ಲ ಅವನು.

ಹರಾಜಿನ ದಿನ ಅಧಿಕಾರಿ ಎಲ್ಲರನ್ನೂ ಕರೆಸಿದರು. ಅರಗಿನ ಮುದ್ರೆ ಹಾಗೇ ಇತ್ತು. ಪ್ರೆಸ್ಸು ಮಾತ್ರ ಮುಚ್ಚಿತ್ತು.

“ತೆರೆದೇ ಇತ್ತಲ್ಲ!” ಅಂದರು ಯಜಮಾನರಿಬ್ಬರೂ. ಮುಖ ನೋಡಿಕೊಳ್ಳದೆ, ಒಂದೇ ಉಸಿರಿಗೆ. ಕೋರ್ಟಿನಲ್ಲಿ ಒಂದು ದಿನವೂ ಒಂದೇ ಮಾತು ಆಡಿದವರಲ್ಲ.

ಸರಪಳಿ ಹಾಕಿ ಅಚ್ಚು ಎತ್ತಿದರು. ಒಳಗೊಂದು ತಟ್ಟೆ. ಅದರ ತಳದಲ್ಲಿ ಕ್ಯಾಲಿಪರ್ ಕಾಗದದ ಹಾಗೆ ಅಪ್ಪಚ್ಚಿಯಾಗಿ ಅಂಟಿತ್ತು. ಅಧಿಕಾರಿ ಅಣ್ಣನಿಗೆ, “ನಿಮ್ಮದು ತಾನೇ, ತಗೊಂಡು ಹೋಗಿ” ಅಂದರು. ಅರ್ಜಿ ಅವತ್ತು ಮಂಜೂರಾಯಿತು.

ಗಂಡಂದಿರು ಮಾತು ಬಿಟ್ಟರೆ ಅಕ್ಕತಂಗಿಯರು ಬಿಡ್ತಾರಾ? ಕದ್ದು ಫೋನ್ ಮಾಡಿಕೊಳ್ಳೋರು. ಅಣ್ಣ ಒಳಗೆ ಹೋದ ಆ ರಾತ್ರಿ ದೊಡ್ಡವರು ತಮ್ಮ ಮನೆಯಲ್ಲಿ, ನಿದ್ದೆಯಲ್ಲಿ, ‘ಒಂದು’ ಅಂದರಂತೆ. ಸಣ್ಣವರು ಊರಿನ ಆ ತುದಿಯಲ್ಲಿ, ನಿದ್ದೆಯಲ್ಲಿ, ‘ಎರಡು’ ಅಂದರಂತೆ. ದೊಡ್ಡಮ್ಮನ ಎದುರೇ ಅತ್ತುಕೊಂಡು ಹೇಳಿದ್ದಾರೆ ಆ ಅಕ್ಕತಂಗಿಯರಿಬ್ಬರೂ.

ಸುಳ್ಳು ಹೇಳಿ ನನಗೇನು ಆಗಬೇಕು? ಆ ತಟ್ಟೆ ದೊಡ್ಡಮ್ಮನ ಅಟ್ಟದ ಮೇಲಿದೆ. ಕಬ್ಬಿಣವೇ ಅಪ್ಪಚ್ಚಿಯಾದ ಆ ತಳದಲ್ಲಿ, ಕ್ಯಾಲಿಪರ್ ಪಕ್ಕದಲ್ಲೇ, ಅಣ್ಣನ ಅಂಗಿತೋಳಿನ ಗುಂಡಿ ಕೂತಿದೆ, ದಾರದ ಸಮೇತ. ಒಂದು ಚೂರೂ ಒಡೆದಿಲ್ಲ. ಬೇಕಾದರೆ ತೋರಿಸ್ತೀನಿ... ಬೆಳಗಾದ ಮೇಲೆ.