ಸೈತಾನನಿಗೆ ಕೂರಿಸಿದ ಮುಖ

ಅಲ್ಲ ಕಣೋ ರೊಗಾಸಿಯಾನೊ, ನಾನೇ ಮಾಡಿದ್ದು ಅಂತ ಹೇಳ್ತಾ ಇದೀನಲ್ಲ! ಇನ್ನೆಷ್ಟು ಸಲ ಹೇಳ್ಲಿ? ಆ ಫೋನನ್ನ ಮುಖಕ್ಕೇ ಹಿಡೀಬೇಡಪ್ಪ, ನಂಗೆ ಹತ್ರದ್ದು ಕಾಣಲ್ಲ. ಸ್ವಲ್ಪ ದೂರ... ಇನ್ನೂ ಸ್ವಲ್ಪ... ಹಾಂ. ಹೌದು, ಇದು ನಮ್ಮನೆ ಗೊಂಬೇನೇ. ಮಣ್ಣಿನ ಸೈತಾನ. ಬೆಣ್ಣೆಹಣ್ಣು ತುಂಬಿದ ಗಾಡಿ ಮೇಲೆ ಕೂತು ಕೈ ಚಾಚಿರೋದು. ನಂದೇ.

ಏನು ಹಂಗೆ ನೋಡ್ತೀಯ? ಕಣ್ಣು ಕಾಣದೋಳು ಹೆಂಗೆ ಮಾಡಿದ್ಲು ಅಂತಾನಾ? ಕೆಲಸಕ್ಕೆ ಕಾಣುತ್ತಪ್ಪ! ಮಣ್ಣಿನ ಕೆಲಸಕ್ಕೆ ಕಣ್ಣು ಯಾಕೆ, ಕೈ ಇದ್ರೆ ಸಾಕು.

ಕೂತ್ಕೋ. ಟೋಪಿ ತೆಗೆದಿಡು. ತೆಗೆಯಲ್ವಾ? ಸರಿ, ಇರ್ಲಿ ಬಿಡು. ಒಲೆ ಮೇಲೆ ಮೆಕ್ಕೆಜೋಳದ ಗಂಜಿ ಬಿಸಿ ಬಿಸಿ ಇದೆ, ನೀನೇ ಬಗ್ಗಿಸ್ಕೋ. ನಾನು ಕೊಡ್ಬೇಕಾ? ಅಯ್ಯೋ, ನಿನ್ನ ಮನೇಲಿ ನಿಂಗೆ ಉಪಚಾರ ಬೇರೆ! ನಿನ್ನ ಜ್ಞಾನಸ್ನಾನದ ದಿನ ಪಾದ್ರಿ ಮುಂದೆ ನಿನ್ನ ಎತ್ತಿ ಹಿಡಿದೋಳು ಯಾರು? ಈ ಸೆನೈದಾನೇ. ಜ್ಞಾನತಾಯಿ ಕಣೋ ನಾನು ನಿಂಗೆ. ಅವತ್ತು ನನ್ನ ಹೊಸ ಶಾಲನ್ನೆಲ್ಲ ಒದ್ದೆ ಮಾಡಿದ್ದೆ... ನಗು ಬರಲ್ವಾ? ಮೊದ್ಲೆಲ್ಲ ಇದನ್ನ ಹೇಳಿದ್ರೆ ನಾಚ್ಕೊಂಡು ನಗ್ತಿದ್ದೆ.

ಮುಖನಾ? ಯಾರ ಮುಖ? ದೊನ್ ಎವೆರಾರ್ದೊ ಅವ್ರದ್ದಾ! ದೇವರಾಣೆ ರೊಗಾ... ಅದು ಸೈತಾನ ಕಣೋ! ಸೈತಾನನಿಗೆ ಹುಬ್ಬು ಸೀಳಿರಬಾರದಾ? ಸೈತಾನ ಬಿಳೀ ಟೋಪಿ ಹಾಕಬಾರದಾ? ಬಂಗಾರದ ಹಲ್ಲು... ಹೌದು, ಬಂಗಾರದ ಹಲ್ಲೂ ಇದೆ. ಈ ಸುತ್ತಲ ಬೆಣ್ಣೆಹಣ್ಣಿನ ತೋಟವೆಲ್ಲ ಅವರದ್ದು, ಅವರದ್ದಲ್ಲದ್ದೂ ಅವರದ್ದೇ... ಅಯ್ಯಯ್ಯೋ, ಬಾಯಿ ತಪ್ಪಿ ಬಂತಪ್ಪ! ಹೋಗಿ ಹೇಳ್ಬೇಡ. ನಂಗೆ ಗೊತ್ತು, ನೀನು ಅವರ ಅನ್ನ ತಿನ್ನೋನು. ಆದ್ರೆ ಹೇಳ್ಬೇಡ.

ನೋಡು, ಸುಳ್ಳು ಯಾಕೆ ಹೇಳ್ಲಿ, ಹೆದರಿಕೆ ಆಗ್ತಿದೆ. ಗಿಟಾರಿನ ಸಿರೀಲೊ ಅವರ ಮೇಲೆ ಹಾಡು ಕಟ್ಟಿದ ಅಂತ... ಹಳ್ಳದ ದಂಡೇಲಿ ಅವನ ಬೂಟು ಸಿಕ್ತು, ಅವನು ಸಿಗ್ಲಿಲ್ಲ. ಅವನ ಹೆಂಡತಿ ಇವತ್ತಿಗೂ ಆ ಬೂಟು ಒರೆಸಿಡ್ತಾಳೆ. ನಿಂಗೂ ಗೊತ್ತು. ನಿಂಗೆ ನನಗಿಂತ ಚೆನ್ನಾಗೇ ಗೊತ್ತಿರಬೇಕು.

ಬೇಡ, ಏಳ್ಬೇಡ! ಕೂತ್ಕೋ. ಹೇಳ್ತೀನಿ, ಎಲ್ಲ ಹೇಳ್ತೀನಿ.

ನಮ್ಮ ಹೆಂಗಸರ ಪದ್ಧತಿ ನಿಂಗೇನು ಹೊಸದಾ? ಸೈತಾನನಿಗೆ ಯಾರದಾದ್ರೂ ಮುಖ ಕೂರಿಸಲೇಬೇಕು. ಖಾಲಿ ಬಿಟ್ರೆ ಆವಿಗೆ ಬೆಂಕೀಲಿ ಬೇಯೋವಾಗ ಅವನು ಮಾಡಿದೋಳ ಮುಖಾನೇ ತಗೋತಾನೆ ಅಂತ ನಮ್ಮಮ್ಮ ಹೆದರಿಸ್ತಿದ್ಲು. ಅದಕ್ಕೆ ಯಾರು ಕಣ್ಣಿಗೆ ಬಿದ್ರೋ ಅವರದ್ದು! ಪಾದ್ರಿದು ಆಯ್ತು, ಶಾಲೆ ಮೇಷ್ಟ್ರದ್ದು ಆಯ್ತು. ಸಾಲ ಕೊಡಲ್ಲ ಅಂದ ಅಂಗಡಿಯವನಿಗೆ ಬಾಲಾನೂ ಇಟ್ಟಾಯ್ತು. ಹಿತ್ತಲಲ್ಲಿ ಕೂತು ನಾವೆಲ್ಲ ಬಿದ್ದು ಬಿದ್ದು ನಗ್ತಿದ್ವಿ. ಯಾರಿಗೇನು ಗೊತ್ತಾಗ್ತಿತ್ತು? ಹುಲ್ಲಲ್ಲಿ ಸುತ್ತಿ ಬಸ್ಸಿಗೆ ಹಾಕಿದ್ರೆ ಮುಗೀತು. ಪಟ್ಟಣದೋರು ಕೊಳ್ಳೋರು, ಅಮೆರಿಕದೋರು ಕೊಳ್ಳೋರು. ಹೋದ ಗೊಂಬೆ ವಾಪಸ್ ಊರಿಗೆ ಬಂದದ್ದುಂಟಾ?

ಈಗ ಬರುತ್ತೆ! ಈ ಹಾಳು ಫೋನಿನೊಳಗೆ ಕೂತು ಬರುತ್ತೆ. ಅಲ್ಲಿ ರಾಜಧಾನೀಲಿ ಆ ಲಿಯೋನೋರಮ್ಮ ಗೊಂಬೆ ಫೋಟೊ ಹಾಕಿದ್ಲಂತೆ, ಯಾರೋ ಅದರ ಕೆಳಗೆ ‘ಇದು ನಮ್ಮ ದೊನ್ ಎವೆರಾರ್ದೊ ಅಲ್ವಾ’ ಅಂತ ಬರೆದ್ನಂತೆ, ಊರೆಲ್ಲ ನಕ್ಕಿತಂತೆ. ನಾವು ನಗಬೇಡಿ ಅಂತ ಯಾರಿಗೆ ಹೇಳೋಣ?

ಲಿಯೋನೋರ್ ಯಾರಾ? ಅಂಗಡಿ ಇಟ್ಟವಳು ಕಣೋ. ಹೋದ ವರ್ಷ, ಈಸ್ಟರಿಗೆ ಮುಂಚಿನ ಗರಿಗಳ ಭಾನುವಾರದ ಸಂತೇಲಿ ಉರುವಾಪಾನಿಗೆ ಬಂದಿದ್ಲು, ಹತ್ತಿ ಬಟ್ಟೆ, ದಪ್ಪ ಮಣಿಸರ... ಮೊದಲೆಲ್ಲ ನಾವು ಬಿಸಿಲಲ್ಲಿ ಗೋಣಿ ಹಾಸಿ ‘ಬನ್ನಿ ಅಮ್ಮಾ, ಬನ್ನಿ ಸ್ವಾಮಿ, ಕಮ್ಮಿ ಮಾಡ್ತೀನಿ’ ಅಂತ ಕೂಗ್ತಿದ್ವಲ್ಲ, ಅವಳು ಅದನ್ನ ನೋಡಿ ತಲೆ ಚಚ್ಕೊಂಡ್ಲು. ಕೂಗಬೇಡಿ ಅಂದ್ಲು. ಬೆಲೆ ನೀವಾಗಿ ಹೇಳ್ಬೇಡಿ, ಹೇಳಿದ ಮೇಲೆ ಇಳಿಸ್ಬೇಡಿ. ಎಲ್ಲ ಗೊಂಬೇನೂ ಒಟ್ಟಿಗೆ ಹರವಿದ್ರೆ ತರಕಾರಿ ಅನ್ಕೋತಾರೆ, ಒಂದೇ ಒಂದು ಮುಂದಿಡಿ, ಇಂಥದ್ದು ಇನ್ನೊಂದಿಲ್ಲ ಅನ್ನಿ. ಇಲ್ಲದೇ ಇರೋದಕ್ಕೇ ಜನ ಬಾಯಿ ಬಿಡೋದು ಅಂತ. ಆಮೇಲೆ ನನ್ನ ಕಡೆ ತಿರುಗಿ, ಈ ಅಜ್ಜಿ ಮುಖ ಇದೆಯಲ್ಲ, ಈ ಸುಕ್ಕು, ಈ ಜಡೆ... ಗೊಂಬೆಗಿಂತ ಮೊದಲು ಇದು ಮಾರಾಟ ಆಗುತ್ತೆ ಅಂದ್ಲು!

ಹೂಂ ಕಣೋ, ನನ್ನ ಮುಖ! ಗಂಡ ಇದ್ದಾಗ ಒಂದಿನ ತಿರುಗಿ ನೋಡಲಿಲ್ಲ ಈ ಮುಖಾನ. ಆವಿಗೆ ಪಕ್ಕ ಕೂರಿಸಿ, ನೀಲಿ ಶಾಲು ಹೊದಿಸಿ ಫೋಟೊ ತೆಗೆದ್ಲು. ಈಗ ಪ್ರತಿ ಗೊಂಬೆ ಕತ್ತಿಗೂ ಒಂದು ಚೀಟಿ. ‘ಸೆನೈದಾ ಅಜ್ಜಿಯ ಕೈಯಿಂದ.’ ಅದೇ ಗೊಂಬೆ, ಅದೇ ಮಣ್ಣು, ಚೀಟಿ ಇಲ್ದೇ ಇದ್ರೆ ಯಾರೂ ಮೂಸಲ್ಲ. ಪ್ರಾಯದ ಹೆಂಗಸು ಮಾಡಿದ್ದು ಅಂದ್ರೆ ‘ಚೆನ್ನಾಗಿದೆ’ ಅಂದು ಮುಂದಕ್ಕೆ ಹೋಗ್ತಾರೆ. ಸಾಯೋ ಮುದುಕಿ ಮಾಡಿದ್ದು ಅಂದ್ರೆ ಕಣ್ಣೀರು ಹಾಕ್ಕೊಂಡು ಕೊಳ್ತಾರೆ. ಎಂಥಾ ಜನ ಮಾರಾಯ!

ಪ್ರಾಯದ ಹೆಂಗಸು ಅಂದ್ರೆ ಯಾರಾ? ಯಾರೂ ಅಲ್ಲ. ಮಾತಿಗೆ ಹೇಳಿದೆ. ಸುಮ್ನೆ ಮಾತಿಗೆ.

ಇಮೆಲ್ದಾನಾ? ನನ್ನ ಮಗಳು ಯಾಕೆ ಬಂದ್ಲು ಇದರ ಮಧ್ಯೆ? ಅವಳಿಗೇನು ಬರುತ್ತೆ ಮಣ್ಣಿನ ಕೆಲಸ! ಅವಳು ಫೋಟೊ ತೆಗೀತಿದ್ಲು, ಚೀಟಿ ಕಟ್ತಿದ್ಲು, ಡಬ್ಬ ಅಂಟಿಸ್ತಿದ್ಲು, ಅಷ್ಟೇ. ಒಂದು ಹಕ್ಕಿ ಮಾಡು ಅಂದ್ರೆ ಆಲೂಗಡ್ಡೆ ಮಾಡ್ತಾಳೆ. ಈಗ ಊರಲ್ಲೂ ಇಲ್ಲ. ತಿಹುವಾನಾಗೆ ಹೋದ್ಲಪ್ಪ, ಕಾರ್ಖಾನೇಲಿ ಕೆಲಸ. ಯಾವಾಗ ಅಂದ್ರೆ... ಕ್ರಿಸ್ಮಸ್ ಕಳೀತಿದ್ದ ಹಾಗೇ.

ಏನಂದೆ? ಸಂತೇಲಿ ನೋಡಿದ್ಯಾ? ಈ ಸಲದ ಗರಿಗಳ ಭಾನುವಾರ? ಅದು... ಅದು ನನ್ನ ತಂಗಿ ಮಗಳಿರಬೇಕು ನೋಡು. ಇಬ್ಬರದ್ದೂ ಒಂದೇ ಅಚ್ಚು. ಹಿಂದಿನಿಂದ ನೋಡಿದ್ರೆ ನಾನೇ ಮೋಸ ಹೋಗ್ತೀನಿ.

ತಲೆ ಯಾಕೆ ಅಲ್ಲಾಡಿಸ್ತೀಯ? ನನ್ನ ಮಾತು ನಂಬಲ್ವಾ? ರೊಗಾ... ಎಲ್ಲಿಗೆ ಹೊರಟೆ? ಆ ಮೂಲೇಲಿ ಏನೂ ಇಲ್ಲ. ಒದ್ದೆ ಗೋಣಿ ಅದು, ಮಣ್ಣು ಮುಚ್ಚಿಟ್ಟಿರೋದು. ಮುಟ್ಬೇಡ, ಅಂಗಿ ಕೊಳೆಯಾಗುತ್ತೆ... ಅದನ್ನ ಯಾಕೆ ತಂದೆ? ನನ್ನ ಮುಂದೆ ಯಾಕಿಟ್ಟೆ?

ಈಗ್ಲಾ? ಇಲ್ಲೇನಾ?

ಅಲ್ಲಪ್ಪ, ಇದು ರೊಟ್ಟಿ ತಟ್ಟಿದ ಹಾಗಾ? ಮನಸ್ಸು ಬರ್ಬೇಕು, ಮಣ್ಣು ಹದಕ್ಕೆ ಬರ್ಬೇಕು. ನಾಳೆ ಬಾ. ನಾಳೆ ನಿನ್ನದೇ ಮುಖ ಮಾಡಿಕೊಡ್ತೀನಿ... ಅಯ್ಯೋ ಬೇಡ, ನಿನ್ನ ಮುಖ ಬೇಡ. ಸಂತ ಪೇತ್ರನ್ನ ಮಾಡಿಕೊಡ್ತೀನಿ. ಹೂಂ ಅನ್ನು.  ಮಣ್ಣನ್ನ ಕೈಗೇ ತುರುಕ್ತೀಯಲ್ಲಪ್ಪ!

ಸರಿ. ಮಾಡ್ತೀನಿ. ಅದಕ್ಕೇನಂತೆ, ಮಾಡ್ತೀನಿ. ನೋಡು, ಮೊದಲು ಹೀಗೆ ಉಂಡೆ ಕಟ್ಕೋಬೇಕು... ಉಂಡೆ ಕಟ್ಟಿದ ಮೇಲೆ ಹೆಬ್ಬೆರಳಲ್ಲಿ ಕಣ್ಣಿನ ಗುಳಿ ಒತ್ತೋದು... ಇದು ಬಿರುಸಾಗಿದೆ ಕಣೋ. ಇದಕ್ಕೆ ನೀರು ಸಾಲ್ದು. ಆಮೇಲೆ ಮೂಗು... ಮೂಗನ್ನ ಹೀಗೆ ಚಿವುಟಿ... ಇರು. ಇರು, ಇನ್ನೊಂದು ಸಲ. ಬೆಳಿಗ್ಗೆಯಿಂದ ಚಳಿ ಅಲ್ವಾ, ಬೆರಳು ಮರಗಟ್ಟಿದೆ. ಉಜ್ಜಿಕೊಂಡ್ರೆ ಸರಿಹೋಗುತ್ತೆ.

ಬಿದ್ದುಹೋಯ್ತು. ಎತ್ತಿಕೊಡು ಸ್ವಲ್ಪ.

ಕೈ ಬಿಡೋ. ಏನು ನೋಡ್ತೀಯ ಅದರಲ್ಲಿ? ವಯಸ್ಸಾದೋರ ಕೈ ಹಿಂಗೇ ಇರೋದು. ಗಂಟು ಕಟ್ಟಿದೆ, ಸೊಟ್ಟಗಾಗಿದೆ, ಎಲ್ಲರಿಗೂ ಆಗುತ್ತೆ. ನೋವೇನಿಲ್ಲ. ಯಾಕಪ್ಪ ಒರೆಸ್ತೀಯ? ನಿನ್ನ ಕರ್ಚೀಫು ಹಾಳಾಗುತ್ತೆ... ಇಷ್ಟು ಮೆತ್ತಗೆ ಯಾಕೆ ಒರೆಸ್ತಾ ಇದೀಯ ರೊಗಾ? ಬೈದುಬಿಡು! ಸುಳ್ಳಿ ಅನ್ನು, ಮುದಿಗೊಡ್ಡು ಅನ್ನು! ನೀನು ಬೈದ್ರೆ ನಂಗೆ ಅರ್ಧ ಜೀವ ಬರುತ್ತೆ.

ಆಯ್ತಾ, ಕರ್ಚೀಫು ಮಡಚಿಟ್ಕೊಂಡ್ಯಾ?

ಕುರ್ಚಿ ಯಾಕೆ ತಿರುಗಿಸ್ಕೊಂಡೆ? ನನ್ನ ಕಡೆ ಕೂತ್ಕೋ. ಬಾಗಿಲ ಕಡೆ ಯಾಕೆ... ಯಾರಿಗೆ ಕಾಯ್ತಾ ಇದೀಯಪ್ಪ? ಯಾರೂ ಬರಲ್ಲ. ಈ ಮನೇಲಿ ನಾನೊಬ್ಳೇ ಇರೋದು. ಆ ಹಾಸಿಗೆ ತಂಗಿ ಮಗಳದ್ದು. ಆ ಚಪ್ಪಲೀನೂ ಅವಳದ್ದೇ.

ಕೇಳು ಮಗನೇ. ಹೆಸರು ಯಾರದ್ದು? ನಂದು. ಚೀಟೀಲಿ ಮುಖ ಯಾರದ್ದು? ನಂದು. ಆ ಅಮ್ಮ ದುಡ್ಡು ಕೊಟ್ಟಿದ್ದು ಯಾರ ಹೆಸರಿಗೆ, ನನ್ನ ಹೆಸರಿಗೆ ತಾನೇ? ಮತ್ತೆ ದೊನ್ ಎವೆರಾರ್ದೊಗೆ ಬೇರೆಯವರು ಯಾಕೆ ಬೇಕು? ಗಾಡಿ ತಂದಿದ್ದೀಯಲ್ಲ, ಹತ್ತಿಸು ನನ್ನ. ಈಗ್ಲೇ ಹೋಗೋಣ. ಶಾಲು ತಗೋತೀನಿ, ಅಷ್ಟೇ. ನಾನೇ ಅವರ ಕಾಲಿಗೆ ಬಿದ್ದು ಹೇಳ್ತೀನಿ, ನಾನೇ ಸ್ವಾಮಿ, ನನ್ನದೇ ಕೊಬ್ಬು ಅಂತ. ಏಳಪ್ಪ. ಏಳೋ! ನಿನ್ನ ಕಾಲು ಹಿಡೀತೀನಿ, ಎದ್ದೇಳು. ಕತ್ತಲಾಗೋಕೆ ಮುಂಚೆ ಹೋಗಿಬಿಡೋಣ. ಆ ಬಸ್ಸು ಬರೋಕೆ ಮುಂಚೆ...

ಯಾವ ಬಸ್ಸು? ನಾನು ಬಸ್ಸು ಅಂದ್ನಾ? ಇಲ್ಲ. ಬಸ್ಸು ಅನ್ನಲಿಲ್ಲ ನಾನು.

...ಅದು ಬೇರೆ ಗಾಡಿ ಹಾರ್ನು. ಲಾರಿ ಅದು. ಬಣ್ಣ ತರೋಕೆ ಯಾರೂ ಪೇಟೆಗೆ ಹೋಗಿಲ್ಲ, ಯಾರೂ... ಬಿಡೋ, ನನ್ನ ತೋಳು ಬಿಡೋ! ನಿನ್ನ ಎತ್ತಿ ಹಿಡಿದ ತೋಳು ಕಣೋ ಇದು, ಬಿಡೋ!

ಇಮೆಲ್ದಾ! ಇಮೆಲ್ದಾ, ಇಳೀಬೇಡ ಕಣೇ! ಬಸ್ಸಿಂದ ಇಳೀಬೇಡ! ಹಂಗೇ ಹೋಗೇ, ಹೋಗ್ತಾ ಇರೇ ನನ್ನಮ್ಮಾ!